ಇಂಗ್ಲೆಂಡಿನ ಕಡಲ ದಡದಲ್ಲಿ ಗಾಳ ಹಾಕುವುದು ಹೇಗೆ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಹೋಗುವಾಗ ಗಾಳ ತಗೊಂಡು ಹೋಗಲೇಬೇಡಿ. ಒಂದು ಫೋನು, ಒಂದು ಜೊತೆ ಗಟ್ಟಿ ಬೂಟು ಸಾಕು. ನೀರು ಪೂರ್ತಿ ಇಳಿದಿರುವ ಹೊತ್ತಿಗೆ ಹೋಗಿ, ಒಂದು ಗಂಟೆ ದಡದುದ್ದಕ್ಕೂ ನಡೆದು ಬನ್ನಿ.

ಊರಿನಿಂದ ಬಂದ ಗೆಳೆಯರು ನನ್ನನ್ನು ಮೊದಲು ಕೇಳುವುದು "ಯಾವ ರಾಡ್ ತಗೊಳ್ಳಲಿ?" ಅಂತ. ಅದು ಆಮೇಲಿನ ಮಾತು. ಮಂಗಳೂರು, ಮಲ್ಪೆ ಕಡೆ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನ ಆಸುಪಾಸು ಅಂತರ. ಇಲ್ಲಿ ಕೆಂಟ್‌ನ ಡೋವರ್ ಹತ್ತಿರ ದೊಡ್ಡ ಉಬ್ಬರದ ದಿನ ಸುಮಾರು 6 ಮೀಟರ್. ಬ್ರಿಸ್ಟಲ್ ಚಾನೆಲ್ ಎಂಬ ಕಡಲ ಕೊಲ್ಲಿಯ ಒಳಗೆ, ಏವನ್‌ಮೌತ್ ಕಡೆ, 12 ಮೀಟರ್ ದಾಟುತ್ತದೆ. ನಾಲ್ಕು ಮಹಡಿ ಮನೆಯಷ್ಟು ನೀರು ದಿನಕ್ಕೆ ಎರಡು ಸಲ ಬಂದು ಹೋಗುತ್ತದೆ. ಅಂದರೆ ರಾತ್ರಿ 9ಕ್ಕೆ ಮೀನು ಮೇಯುವ ಜಾಗ ಮಧ್ಯಾಹ್ನ 3ಕ್ಕೆ ಬರಿಗಾಲಲ್ಲಿ ನಡೆಯುವ ನೆಲವಾಗಿರುತ್ತದೆ. ನೋಡಿಕೊಳ್ಳಲು ಇದಕ್ಕಿಂತ ಒಳ್ಳೆ ಅವಕಾಶ ಬೇಕಾ?

ಏನು ನೋಡಬೇಕು? ಮರಳಿನಲ್ಲಿ ದಡಕ್ಕೆ ಸಮಾನಾಂತರವಾಗಿ ಚರಂಡಿಯ ಹಾಗೆ ಓಡುವ ತಗ್ಗು. ನೀರು ಏರುವಾಗ ಮೀನು ಆ ತಗ್ಗಿನಲ್ಲೇ ಓಡಾಡುತ್ತದೆ, ಯಾಕೆಂದರೆ ತಿನ್ನುವ ಪದಾರ್ಥವೆಲ್ಲ ಅಲ್ಲಿ ಬಂದು ಸೇರುತ್ತದೆ. ಮರಳಿನ ದಿಬ್ಬ, ನೀಲಿಕಲ್ಲು ಎಂಬ ಚಿಪ್ಪುಜೀವಿ ಅಂಟಿದ ಬಂಡೆ, ಎರೆಹುಳು ಹಾಕುವ ಮಣ್ಣಿನ ಗುಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಬಿದ್ದ ಮರಳು, ಇವನ್ನೂ ಗುರುತಿಸಿ. ಆ ಸುರುಳಿ ಇದ್ದರೆ ಕೆಳಗೆ ಲಗ್‌ವರ್ಮ್ ಎಂಬ ಕಡಲ ಹುಳು ಇದೆ ಅಂತ ಅರ್ಥ. ಹುಳು ಇರುವಲ್ಲಿ ಮೀನು ಬರುತ್ತದೆ. ದಾರದ ತುದಿಗೆ ಭಾರಕ್ಕೆಂದು ಕಟ್ಟುವ ಸೀಸ ಸಿಕ್ಕಿಕೊಳ್ಳುವಂಥ ಕಲ್ಲುಗಳು, ಹಳೆಯ ಕಂಬಗಳು ಎಲ್ಲಿವೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಫೋಟೋ ತೆಗೆಯುವಾಗ ಹಿಂದೆ ತಿರುಗಿ ದಡದ ಕಡೆಗೂ ಒಂದು ತೆಗೆಯಿರಿ. ಕತ್ತಲಲ್ಲಿ "ಮೂರನೇ ಮರದ ತಡೆಸಾಲಿನಿಂದ ಇಪ್ಪತ್ತು ಹೆಜ್ಜೆ" ಎಂಬ ಲೆಕ್ಕವೇ ಕೈ ಹಿಡಿಯುವುದು.

ನೀರಿನ ಲೆಕ್ಕ

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಸಂಜೆ 6ಕ್ಕೆ ನೀರು ತುಂಬಿದರೆ ನಾಳೆ 7ರ ಹತ್ತಿರ ತುಂಬುತ್ತದೆ. ಮನೆಯಲ್ಲಿ ಪಂಚಾಂಗ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ದೊಡ್ಡ ಉಬ್ಬರ. ಅದಕ್ಕೆ ಇಲ್ಲಿ ಸ್ಪ್ರಿಂಗ್ ಟೈಡ್ ಅನ್ನುತ್ತಾರೆ. ಅಷ್ಟಮಿ ಕಳೆದು ದಶಮಿಯ ಸುಮಾರಿಗೆ ಸಣ್ಣ ಉಬ್ಬರ, ಅದು ನೀಪ್ ಟೈಡ್. ದೊಡ್ಡ ಉಬ್ಬರದಲ್ಲಿ ಸೆಳೆತ ಜಾಸ್ತಿ, ಮೀನಿನ ಓಡಾಟವೂ ಜಾಸ್ತಿ. ಆದರೆ ಹೊಸಬರಿಗೆ ನಾನು ನಡುವಿನ ದಿನಗಳನ್ನೇ ಹೇಳುತ್ತೇನೆ. ಸೆಳೆತ ಜೋರಾದರೆ ಸೀಸ ನಿಲ್ಲುವುದಿಲ್ಲ, ದಾರದಲ್ಲಿ ಕಸ ಸುತ್ತಿಕೊಳ್ಳುತ್ತದೆ, ಕಲಿಯುವ ಉತ್ಸಾಹವೇ ಹೋಗಿಬಿಡುತ್ತದೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ನಾಲ್ಕನೇ ಗಂಟೆಗೆ ಮೂರು ಮೂರು, ಐದನೆಯದಕ್ಕೆ ಎರಡು, ಆರನೆಯದಕ್ಕೆ ಒಂದು. ಮೂರನೇ ಗಂಟೆಯಲ್ಲಿ ನೀರು ಓಡಿ ಬರುತ್ತದೆ ಅನ್ನುವುದನ್ನು ಮನಸ್ಸಿನಲ್ಲಿಡಿ. ಮರಳ ದಿಬ್ಬದ ಮೇಲೆ ನಿಂತವರ ಹಿಂದಿನ ತಗ್ಗು ತುಂಬಿಕೊಳ್ಳುವುದು ಆಗಲೇ.

ಹೆಚ್ಚಿನ ದಡಗಳಲ್ಲಿ ನೀರು ತುಂಬುವ ಮುಂಚಿನ ಎರಡು ಗಂಟೆ, ತುಂಬಿದ ಮೇಲಿನ ಒಂದು ಗಂಟೆ ಒಳ್ಳೆಯದು. ಅದರ ಜೊತೆ ಸೂರ್ಯ ಮುಳುಗುವ ಹೊತ್ತು ಕೂಡಿಬಂದರೆ ಬೇರೆ ಕೆಲಸ ಬಿಟ್ಟು ಹೋಗಿ. ಒಂದು ಎಚ್ಚರಿಕೆ: ಮುದ್ರಿಸಿದ ಟೈಡ್ ಪಟ್ಟಿಗಳು ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲಿರುತ್ತವೆ. ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿಕೊಳ್ಳಿ.

ಕಾನೂನು

ಇಂಗ್ಲೆಂಡಿನ ಕಡಲಲ್ಲಿ ರಾಡ್ ಹಿಡಿದು ಮನೆ ಮಟ್ಟಿಗೆ ಮೀನು ಹಿಡಿಯಲು ಲೈಸೆನ್ಸ್ ಬೇಡ. ಕೆರೆ, ನದಿಗೆ ಎನ್ವಿರಾನ್‌ಮೆಂಟ್ ಏಜೆನ್ಸಿಯ ರಾಡ್ ಲೈಸೆನ್ಸ್ ಬೇಕು. ಎರಡನ್ನೂ ಕಲಸಿಕೊಳ್ಳಬೇಡಿ. ದಡದಿಂದ ಕಡಲೊಳಕ್ಕೆ ಚಾಚಿದ ಕಟ್ಟೆಗೆ ಪಿಯರ್ ಅನ್ನುತ್ತಾರೆ, ಕೆಲವು ಪಿಯರ್‌ಗಳಲ್ಲಿ ಟಿಕೆಟ್ ಕೊಳ್ಳಬೇಕಾಗುತ್ತದೆ. ಹಿಡಿದದ್ದನ್ನು ಮಾರುವ ಹಾಗಿಲ್ಲ, ಪಕ್ಕದ ಮನೆಯವರಿಗೂ ಇಲ್ಲ.

ಅಳತೆಪಟ್ಟಿ ಜೇಬಿನಲ್ಲಿರಲಿ. ಬಾಸ್ ಮೀನು ಮೂತಿಯ ತುದಿಯಿಂದ ಬಾಲದ ತುದಿಯವರೆಗೆ 42 ಸೆಂಟಿಮೀಟರ್ ಇರಲೇಬೇಕು. ಒಂದು ಕೂದಲೆಳೆ ಕಡಿಮೆ ಇದ್ದರೂ ನೀರಿಗೆ. ದಿನಕ್ಕೆ ಎಷ್ಟು ಬಾಸ್ ಇಟ್ಟುಕೊಳ್ಳಬಹುದು, ಯಾವ ತಿಂಗಳು ಬಿಡಲೇಬೇಕು ಅನ್ನುವುದು ವರ್ಷ ವರ್ಷಕ್ಕೆ ಬದಲಾಗುತ್ತದೆ. 2024ರಲ್ಲಿ ದಿನಕ್ಕೆ 2, ಫೆಬ್ರವರಿ ಮಾರ್ಚ್‌ನಲ್ಲಿ ಒಂದೂ ಇಲ್ಲ ಅಂತಿತ್ತು. ಹೋಗುವ ಮುಂಚೆ ಸರ್ಕಾರದ ಜಾಲತಾಣದಲ್ಲಿ ಈ ವರ್ಷದ ನಿಯಮ ಓದಿ. ಈಲ್ ಸಿಕ್ಕರೆ ಬಿಟ್ಟುಬಿಡಿ, ಅದು ಅಳಿವಿನ ಅಂಚಿನಲ್ಲಿರುವ ಜೀವ. ಇದಲ್ಲದೆ ಇಂಗ್ಲೆಂಡಿನ ಕರಾವಳಿಯನ್ನು ನೋಡಿಕೊಳ್ಳಲು ಇಫ್ಕಾ ಎಂಬ 10 ಪ್ರಾಧಿಕಾರಗಳಿವೆ. ಏಡಿ ಹಿಡಿಯುವುದು, ಹುಳು ಅಗೆಯುವುದು, ಇದಕ್ಕೆಲ್ಲ ಒಂದೊಂದು ಕಡೆ ಒಂದೊಂದು ನಿಯಮ ಇರುತ್ತದೆ.

ಸಾಮಾನು

ದಡದಿಂದ ಹಾಕಲು ಬೀಚ್‌ಕಾಸ್ಟರ್ ಎಂಬ ಉದ್ದನೆಯ ರಾಡ್ ಬೇಕು. 12ರಿಂದ 14 ಅಡಿ, 4ರಿಂದ 6 ಔನ್ಸ್ ಸೀಸ ಎಸೆಯುವ ಶಕ್ತಿಯದು. ದಾರ ಸುತ್ತುವ ರೀಲ್ ಫಿಕ್ಸೆಡ್ ಸ್ಪೂಲ್ ಆಗಿರಲಿ, ಅಂದರೆ ಎಸೆಯುವಾಗ ದಾರದ ಉರುಳೆ ತಿರುಗದೆ ನಿಂತಿರುವಂಥದ್ದು. ಉರುಳೆಯೇ ತಿರುಗುವ ಮಲ್ಟಿಪ್ಲಯರ್ ರೀಲ್ ನೋಡಲು ಚಂದ, ಆದರೆ ಹೊಸಬರ ಕೈಯಲ್ಲಿ ದಾರ ಹಕ್ಕಿಗೂಡಿನ ಹಾಗೆ ಗೋಜಲಾಗುತ್ತದೆ. ರಾಡ್ ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡ್, ತಲೆಗೆ ಕಟ್ಟುವ ಟಾರ್ಚ್, ಚಾಕು, ಉದ್ದ ಮೂತಿಯ ಇಕ್ಕಳ, ಒಂದು ಹಳೆ ಟವೆಲ್. ಕೊಳ್ಳುವಾಗ ದಡದ ಹತ್ತಿರದ ಟ್ಯಾಕಲ್ ಅಂಗಡಿಗೇ ಹೋಗಿ. ನಿನ್ನೆ ಅಲ್ಲಿ ಏನು ಸಿಕ್ಕಿತು, ಯಾವ ಎರೆಗೆ ಸಿಕ್ಕಿತು ಅನ್ನುವುದು ಅಂಗಡಿಯವರಿಗೆ ಗೊತ್ತಿರುತ್ತದೆ. ಆ ಎರಡು ನಿಮಿಷದ ಮಾತು ದುಬಾರಿ ರಾಡ್‌ಗಿಂತ ಬೆಲೆಬಾಳುತ್ತದೆ.

ದಾರದ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ರೀಲ್ ತುಂಬ 15ರಿಂದ 18 ಪೌಂಡ್ ತಡೆಯುವ ನೈಲಾನ್ ದಾರ. ಅದರ ತುದಿಗೆ ದಪ್ಪನೆಯ ಶಾಕ್ ಲೀಡರ್. ಎಸೆಯುವ ಕ್ಷಣದ ಜಗ್ಗಾಟವನ್ನು ತಡೆಯುವುದು ಈ ಲೀಡರ್. ಲೆಕ್ಕ ಸುಲಭ: ಒಂದು ಔನ್ಸ್ ಸೀಸಕ್ಕೆ 10 ಪೌಂಡ್. 5 ಔನ್ಸ್ ಸೀಸಕ್ಕೆ ಕನಿಷ್ಠ 50, 6ಕ್ಕೆ 60. ಲೀಡರ್ ಎಷ್ಟು ಉದ್ದ ಬೇಕೆಂದರೆ, ಎಸೆಯಲು ನಿಂತಾಗ ರೀಲ್ ಮೇಲೆ ಅದರ ಆರೇಳು ಸುತ್ತು ಇರಬೇಕು.

ನಾನು ಮೊದಲ ವರ್ಷ ಡೀಲ್ ಊರಿನ ದಡದಲ್ಲಿ ಲೀಡರ್ ಇಲ್ಲದೆ ಎಸೆದೆ. ಪಟ್ ಎಂದು ಒಂದು ಸದ್ದು. ರಾಡ್ ಹಗುರಾಯಿತು. 5 ಔನ್ಸ್ ಸೀಸ ಕತ್ತಲಲ್ಲಿ ಎಲ್ಲಿಗೋ ಹಾರಿಹೋಯಿತು. ಅದು ಸಮುದ್ರಕ್ಕೆ ಬಿತ್ತು, ನಿಜ. ಆದರೆ ಪಕ್ಕದಲ್ಲಿ ಅಜ್ಜ ಮೊಮ್ಮಗಳು ಕೂತಿದ್ದರು. ಅಜ್ಜ ಎದ್ದು ಬಂದು, ಬೈಯದೆ, ತನ್ನ ಪೆಟ್ಟಿಗೆಯಿಂದ ಲೀಡರ್ ದಾರ ತೆಗೆದು ಕಟ್ಟಿಕೊಟ್ಟರು. ನನ್ನ ಕೈ ಇನ್ನೂ ನಡುಗುತ್ತಿತ್ತು. ಆ ದಿನದಿಂದ ಲೀಡರ್ ಗಂಟನ್ನು ಪ್ರತಿ ಎಸೆತಕ್ಕೂ ಮುಂಚೆ ಬೆರಳಿನಿಂದ ಸವರಿ ನೋಡುತ್ತೇನೆ.

ಗಂಟು ಮತ್ತು ರಿಗ್

ಒಂದೇ ಗಂಟು ಚೆನ್ನಾಗಿ ಕಲಿಯಿರಿ, ಗ್ರಿನ್ನರ್. ದಾರವನ್ನು ಗಾಳದ ಕಣ್ಣಿನೊಳಗೆ ತೂರಿಸಿ ಹಿಂದಕ್ಕೆ ತನ್ನಿ. ಉಳಿದ ತುದಿಯಿಂದ ಪಕ್ಕದಲ್ಲೇ ಒಂದು ಕುಣಿಕೆ ಮಾಡಿ. ಆ ತುದಿಯನ್ನು ಕುಣಿಕೆಯ ಒಳಗಿಂದ ಎರಡೂ ಎಳೆಗಳಿಗೆ ಐದು ಸುತ್ತು ಸುತ್ತಿ. ಈಗ ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ಒಣ ದಾರ ಬಿಗಿದರೆ ಉಜ್ಜಿ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ.

ರಿಗ್ ಅಂದರೆ ಗಾಳ, ಸೀಸ ಕಟ್ಟಿದ ತುದಿಯ ದಾರ. ಮೊದಲ ರಿಗ್ ಎರಡು ಗಾಳದ ಫ್ಲ್ಯಾಪರ್. 60 ಪೌಂಡ್ ದಾರ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಮೇಲ್ತುದಿಗೆ ಸ್ವಿವೆಲ್ ಎಂಬ ತಿರುಗುವ ಕೊಂಡಿ, ಕೆಳತುದಿಗೆ ಸೀಸ ಸಿಕ್ಕಿಸುವ ಕ್ಲಿಪ್. ನಡುವೆ ಎರಡು ಕಡೆಯಿಂದ 20 ಪೌಂಡಿನ ಸಣ್ಣ ಕವಲು ದಾರ, ಒಂದೊಂದೂ ಗೇಣಿಗಿಂತ ಸ್ವಲ್ಪ ಉದ್ದ. ಅದರ ತುದಿಗೆ 1 ಅಥವಾ 2ನೇ ನಂಬರಿನ ಗಾಳ. ಮೇಲಿನ ಕವಲು ಕೆಳಗಿನದಕ್ಕೆ ಸಿಕ್ಕಿಕೊಳ್ಳದಷ್ಟು ದೂರ ಇರಲಿ. ಕಲ್ಲಿಲ್ಲದ ದಡದಲ್ಲಿ ಇದೊಂದರಿಂದಲೇ ಒಂದು ವರ್ಷ ಕಳೆಯಬಹುದು. ಸೀಸದಲ್ಲಿ ನಾಲ್ಕು ತಂತಿಯ ಮೀಸೆ ಇರುವುದನ್ನು ತಗೊಳ್ಳಿ. ಮೀಸೆ ಮರಳಿಗೆ ಕಚ್ಚಿಕೊಂಡು ಸೆಳೆತದಲ್ಲೂ ನಿಲ್ಲುತ್ತದೆ, ಎಳೆದರೆ ಮಡಚಿಕೊಂಡು ಬಿಟ್ಟುಕೊಡುತ್ತದೆ.

ಎರೆ

ಬ್ಲ್ಯಾಕ್ ಲಗ್, ರ‍್ಯಾಗ್‌ವರ್ಮ್ ಎಂಬ ಕಡಲ ಹುಳುಗಳು, ಸ್ಕ್ವಿಡ್, ಮ್ಯಾಕ್ರೆಲ್ ಮೀನಿನ ತುಂಡು, ಚಿಪ್ಪು ಕಳಚುವ ಹೊತ್ತಿನ ಮೆತ್ತನೆಯ ಏಡಿ. ಇವಿಷ್ಟರಿಂದ ಇಂಗ್ಲೆಂಡಿನ ದಡದ ಬಹುಪಾಲು ಮೀನು ಸಿಗುತ್ತದೆ. ಲಗ್ ಹುಳುವನ್ನು ಅಂಗಡಿಯವರು ಹಳೆ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಪ್ಲಾಸ್ಟಿಕ್‌ಗೆ ಹಾಕಬೇಡಿ, ಬೆವೆತು ಸಾಯುತ್ತದೆ.

ಪೊಟ್ಟಣ ಬಿಚ್ಚಿ. ಹುಳು ಕಿರುಬೆರಳಷ್ಟು ದಪ್ಪ, ಕಪ್ಪು, ಒಂದು ತುದಿ ತೆಳ್ಳಗೆ. ದಪ್ಪ ತುದಿ ತಲೆ. ತಲೆಯ ನಡುವೆ ಗಾಳದ ಮೊನೆ ಇಟ್ಟು, ಹುಳುವನ್ನು ಕಾಲುಚೀಲ ಏರಿಸಿದ ಹಾಗೆ ಗಾಳದ ಮೇಲೆ ಮೆಲ್ಲಗೆ ಏರಿಸುತ್ತಾ ಹೋಗಿ. ಹಿಸುಕಬೇಡಿ, ಒಡೆದರೆ ರಸವೆಲ್ಲ ಕೈಗೆ. ಮೀನನ್ನು ಕರೆಯುವುದು ಆ ರಸದ ವಾಸನೆಯೇ. ಗಾಳ ತುಂಬಿದ ಮೇಲೆ ಉಳಿದದ್ದನ್ನು ದಾರದ ಮೇಲಕ್ಕೆ ಸರಿಸಿ. ಮೊನೆ ಮಾತ್ರ ಹೊರಗೆ ಕಾಣಬೇಕು. ಆಮೇಲೆ ಕೂದಲಿನಷ್ಟು ತೆಳುವಾದ ಎಲಾಸ್ಟಿಕ್ ದಾರವನ್ನು ಹತ್ತು ಸುತ್ತು ಸುತ್ತಿ, ಎಳೆದು ಕಡಿಯಿರಿ, ತಾನೇ ಅಂಟಿಕೊಳ್ಳುತ್ತದೆ. ಬೆರಳು ಹಳದಿಯಾಗುತ್ತದೆ, ಅರಿಶಿನದ ಕಲೆಯ ಹಾಗೆ. ಎರಡು ದಿನ ಸೋಪಿಗೆ ಜಗ್ಗುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎರೆ ಬದಲಿಸಿ. ತೊಳೆದು ಬಿಳುಚಿದ ಹುಳುವಿಗೆ ಮೀನು ಬರುವುದಿಲ್ಲ.

ಎಸೆಯುವುದು

ಹಿಂದೆ ಯಾರಿದ್ದಾರೆ ನೋಡಿ. ಮತ್ತೆ ನೋಡಿ. ಬಲಗೈಯವರು ಎಡಗಾಲು ಮುಂದಿಟ್ಟು ಕಡಲಿಗೆ ಪಕ್ಕೆ ಕೊಟ್ಟು ನಿಲ್ಲಿ. ರಾಡಿನ ತುದಿಯಿಂದ ಸೀಸ ಒಂದೂವರೆ ಮೀಟರ್ ಇಳಿಬಿದ್ದಿರಲಿ. ಬೆರಳಿಗೆ ಚರ್ಮದ ಕವಚ ಹಾಕಿ ದಾರ ಹಿಡಿದು, ರೀಲಿನ ಕಂಬಿ ತೆರೆಯಿರಿ. ಲೀಡರ್ ಗಂಟು ಬೆರಳಿಗೆ ತಾಗದ ಕಡೆ ಇರಬೇಕು, ಇಲ್ಲದಿದ್ದರೆ ಕೊಯ್ದುಬಿಡುತ್ತದೆ. ರಾಡನ್ನು ಹಿಂದಕ್ಕೆ ಒಯ್ದು, ಸೀಸದ ತೂಗಾಟ ನಿಲ್ಲುವ ತನಕ ಕಾಯಿರಿ. ಕಣ್ಣು ಆಕಾಶದ ಅರ್ಧ ಎತ್ತರದಲ್ಲಿರಲಿ. ಈಗ ಬಲಗೈ ಮೇಲಕ್ಕೆ ತಳ್ಳಲಿ, ಎಡಗೈ ಎದೆಗೆ ಎಳೆಯಲಿ, ಎರಡೂ ಒಟ್ಟಿಗೆ. ಕೈ ಪೂರ್ತಿ ಚಾಚಿದಾಗ ಬೆರಳು ಬಿಡಿ.

ಶಕ್ತಿ ಹಾಕಬೇಡಿ. ಮೆಲ್ಲಗೆ ಶುರುಮಾಡಿ ಕೊನೆಗೆ ಜೋರಾಗಬೇಕು, ಅಷ್ಟೇ. 70 ಮೀಟರ್ ಹೋದರೆ ಬೇಕಾದಷ್ಟಾಯಿತು. ಎಷ್ಟೋ ರಾತ್ರಿ ಬಾಸ್, ನಂಗಿನ ಜಾತಿಯ ಸೋಲ್ ಮೀನು 30 ಮೀಟರ್ ಒಳಗೇ ಇರುತ್ತವೆ. ಇಳಿತದಲ್ಲಿ ನೋಡಿಟ್ಟ ಆ ತಗ್ಗು ನೆನಪಿದೆಯಲ್ಲ, ಅದರೊಳಗೆ ಬೀಳಬೇಕು. ಅದನ್ನು ದಾಟಿ ಹೋಗುವ ದೊಡ್ಡ ಎಸೆತದಿಂದ ಪ್ರಯೋಜನ ಇಲ್ಲ.

ಕಾಯುವುದು, ಎಳೆಯುವುದು

ಸೀಸ ನೆಲ ಮುಟ್ಟಿದ ಮೇಲೆ ಇನ್ನೊಂದಿಷ್ಟು ದಾರ ಬಿಟ್ಟು, ಆಮೇಲೆ ಬಿಗಿ ಮಾಡಿ ರಾಡ್ ನಿಲ್ಲಿಸಿ. ಟಾರ್ಚ್ ಬೆಳಕಿನಲ್ಲಿ ರಾಡಿನ ತುದಿ ನೋಡುತ್ತಾ ಕೂರುವುದು ನನಗೆ ಈ ಕೆಲಸದಲ್ಲೇ ಅತಿ ಇಷ್ಟದ ಹೊತ್ತು. ಅಲೆಗೆ ತುದಿ ಒಂದೇ ತಾಳದಲ್ಲಿ ಬಾಗಿ ಏಳುತ್ತಿರುತ್ತದೆ. ತಾಳ ತಪ್ಪಿದರೆ ಮೀನು. ವೈಟಿಂಗ್ ಮೀನು ಟಕಟಕ ಎಂದು ಅಲುಗಿಸುತ್ತದೆ. ಚಪ್ಪಟೆ ಮೈಯ ತೊರಕೆ ಮೀನು ಎರೆಯ ಮೇಲೆ ಕೂತು, ಆಮೇಲೆ ನಿಧಾನಕ್ಕೆ ಬಗ್ಗಿಸುತ್ತದೆ, ಅದಕ್ಕೆ ಸಮಯ ಕೊಡಿ. ದಾರ ಇದ್ದಕ್ಕಿದ್ದ ಹಾಗೆ ಸಡಿಲ ಬಿದ್ದರೆ ಮೀನು ಹೋಯಿತು ಅಂದುಕೊಳ್ಳಬೇಡಿ. ಸೀಸ ಕಿತ್ತುಕೊಂಡು ನಿಮ್ಮ ಕಡೆಗೇ ಬರುತ್ತಿದೆ. ಬೇಗ ಸುತ್ತಿ ಬಿಗಿ ಮಾಡಿ.

ಮೀನು ದಡದ ಹತ್ತಿರ ಬಂದಾಗ ಜನ ಅವಸರ ಮಾಡುತ್ತಾರೆ. ಹೆಚ್ಚಿನ ಮೀನು ತಪ್ಪಿಹೋಗುವುದು ಕೊನೆಯ ಐದು ಮೀಟರಿನಲ್ಲೇ. ಅಲೆ ಹಿಂದಕ್ಕೆ ಹೋಗುವಾಗ ಎಳೆಯಬೇಡಿ, ಸುಮ್ನೆ ದಾರ ಬಿಗಿ ಇಟ್ಟು ನಿಲ್ಲಿ. ಮುಂದಿನ ಅಲೆ ಬಂದಾಗ ಅದರ ಜೊತೆ ಹಿಂದಕ್ಕೆ ನಡೆಯಿರಿ, ಅಲೆಯೇ ಮೀನನ್ನು ತಂದು ಮಲಗಿಸುತ್ತದೆ. ಬಿಡಬೇಕಾದ ಮೀನಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಒಣ ಕೈ ಅದರ ಮೈಯ ಲೋಳೆ ಕಿತ್ತುಬಿಡುತ್ತದೆ. ಎಸೆಯಬೇಡಿ, ನೀರಿಗೆ ಇಳಿಸಿ.

ಎಲ್ಲಿ, ಯಾವಾಗ

ಶುರುವಿಗೆ ಕೆಂಟ್‌ನ ಡೀಲ್ ಪಿಯರ್ ಒಳ್ಳೆಯದು. 1957ರಲ್ಲಿ ತೆರೆದದ್ದು, 300 ಮೀಟರಿಗಿಂತ ಉದ್ದ. ದೂರ ಎಸೆಯದೆಯೇ ಆಳದ ನೀರು ಸಿಗುತ್ತದೆ, ಅನುಭವಸ್ಥರು ಪಕ್ಕದಲ್ಲೇ ಇರುತ್ತಾರೆ. ಡಂಜೆನೆಸ್‌ನದು ಕಡಿದಾದ ಉರುಟುಕಲ್ಲಿನ ದಡ. ಚಳಿಗಾಲದ ರಾತ್ರಿ ವೈಟಿಂಗ್‌ಗೆ ಹೆಸರುವಾಸಿ.

ಡಾರ್ಸೆಟ್‌ನ ಚೆಸಿಲ್ ಬೀಚ್ ಬೇರೆಯೇ ಲೋಕ. ವೆಸ್ಟ್ ಬೇ ಇಂದ ಪೋರ್ಟ್‌ಲ್ಯಾಂಡ್‌ವರೆಗೆ ಸುಮಾರು 29 ಕಿಲೋಮೀಟರ್ ಬರೀ ಕಲ್ಲು. ಪಶ್ಚಿಮದಲ್ಲಿ ಬಟಾಣಿ ಕಾಳಿನಷ್ಟು ಇರುವ ಕಲ್ಲು ಪೂರ್ವಕ್ಕೆ ಬರುತ್ತಾ ಆಲೂಗಡ್ಡೆಯಷ್ಟಾಗುತ್ತದೆ. ಹಿಂದಿನ ಮೀನುಗಾರರು ಕತ್ತಲಲ್ಲಿ ದಡ ಸೇರಿದರೆ ಕಲ್ಲಿನ ಗಾತ್ರ ಮುಟ್ಟಿ ನೋಡಿ ಎಲ್ಲಿದ್ದೇವೆ ಅಂತ ಹೇಳುತ್ತಿದ್ದರಂತೆ. ಬೇಸಿಗೆಯ ಸಂಜೆ ಅಲ್ಲಿ ಮ್ಯಾಕ್ರೆಲ್ ಹಿಂಡು ದಡದ ಹತ್ತಿರವೇ ಬರುತ್ತದೆ. ಅದಕ್ಕೆ ಹುಳು ಬೇಡ. ಗರಿ ಕಟ್ಟಿದ ಮೂರು ನಾಲ್ಕು ಗಾಳದ ಸಾಲು ಎಸೆದು, ರಾಡ್ ಎತ್ತಿ ಇಳಿಸುತ್ತಾ ಸುತ್ತಿದರೆ ಸಾಕು.

ತಿಂಗಳ ಲೆಕ್ಕ ದಕ್ಷಿಣ ಕರಾವಳಿಗೆ ಹೀಗೆ: ಜೂನ್‌ನಿಂದ ಸೆಪ್ಟೆಂಬರ್ ಮ್ಯಾಕ್ರೆಲ್, ಮೇಯಿಂದ ನವೆಂಬರ್ ಬಾಸ್, ಬೇಸಿಗೆಯ ರಾತ್ರಿ ಸೋಲ್, ಅಕ್ಟೋಬರ್‌ನಿಂದ ಜನವರಿ ವೈಟಿಂಗ್. ಡಾಗ್‌ಫಿಶ್ ಎಂಬ ಪುಟ್ಟ ಶಾರ್ಕ್ ಹೆಚ್ಚುಕಡಿಮೆ ಯಾವಾಗಲೂ ಸಿಗುತ್ತದೆ. ಹಿಂದೆ ಚಳಿಗಾಲ ಎಂದರೆ ಕಾಡ್ ಮೀನು ಎನ್ನುತ್ತಿದ್ದರು, ಈಗ ದಡದಿಂದ ಒಂದು ಕಾಡ್ ಸಿಕ್ಕರೆ ದೊಡ್ಡ ಸುದ್ದಿ. ಮಾರ್ಚ್‌ನಲ್ಲಿ ಹೋಗಿ ಬರಿಗೈಲಿ ಬಂದರೆ ತಪ್ಪು ನಿಮ್ಮದಲ್ಲ.

ಜೀವದ ಮಾತು

ಚೆಸಿಲ್‌ನಂಥ ಕಡಿದಾದ ದಡದಲ್ಲಿ ಅಲೆ ಜೋರಿದ್ದರೆ ನೀರಿನ ಅಂಚಿಗೆ ಹೋಗಲೇಬೇಡಿ. ಹಿಂದಕ್ಕೆ ಹೋಗುವ ಅಲೆ ಕಾಲ ಕೆಳಗಿನ ಕಲ್ಲನ್ನೇ ಎಳೆದುಕೊಂಡು ಹೋಗುತ್ತದೆ. ಬಂಡೆ, ಪಿಯರ್ ಮೇಲೆ ತಾನೇ ಉಬ್ಬುವ ಲೈಫ್‌ಜಾಕೆಟ್ ಹಾಕಿ. ಒಬ್ಬರೇ ಹೋಗಬೇಡಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ. ಅಪಾಯ ಕಂಡರೆ 999ಕ್ಕೆ ಕರೆ ಮಾಡಿ "ಕೋಸ್ಟ್‌ಗಾರ್ಡ್" ಎಂದು ಕೇಳಿ. ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ. ಮಲಗಿ ತೇಲು ಎಂದು ಕೂಗಿ ಹೇಳಿ. ಇಲ್ಲಿನ ನೀರಿನ ತಣುಪು ನಮ್ಮ ಕಡಲಿನದಲ್ಲ, ಬಿದ್ದ ಕ್ಷಣಕ್ಕೆ ಉಸಿರೇ ಸಿಕ್ಕಿಕೊಳ್ಳುತ್ತದೆ.

ವೀವರ್ ಎಂಬ ಸಣ್ಣ ಮೀನನ್ನು ಗುರುತಿಟ್ಟುಕೊಳ್ಳಿ. ಮರಳಿನ ಬಣ್ಣ, ಬೆನ್ನ ಮೇಲೆ ಕಪ್ಪು ರೆಕ್ಕೆ. ಆ ರೆಕ್ಕೆಯ ಮುಳ್ಳಿನಲ್ಲಿ ವಿಷ. ಚುಚ್ಚಿದರೆ ತಾಳುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಯಾದರೂ ಕೈ ಇಡಿ, ನೋವು ಇಳಿಯುತ್ತದೆ. ಫ್ಲಾಸ್ಕ್‌ನ ಚಹಾಕ್ಕೆ ಜೊತೆಯಾಗಿ ಒಂದು ಫ್ಲಾಸ್ಕ್ ಬಿಸಿನೀರು ಒಯ್ಯುವುದು ಅದಕ್ಕೇ.

ಮನೆಗೆ

ತಿನ್ನುವಷ್ಟೇ ಇಟ್ಟುಕೊಳ್ಳಿ. ಮ್ಯಾಕ್ರೆಲ್ ಒಂದರ ಹಿಂದೆ ಒಂದು ಬರುವಾಗ ಕೈ ನಿಲ್ಲುವುದಿಲ್ಲ, ನನಗೂ ಗೊತ್ತು. ಆದರೆ ಅವುಗಳ ಸಂಖ್ಯೆ ಇಳಿಯುತ್ತಿದೆ. ನಮ್ಮ ಮನೆಗೆ ಆರು ಸಾಕು, ಆರಾದ ಮೇಲೆ ರಾಡ್ ಮಡಚುತ್ತೇನೆ. ಇಟ್ಟುಕೊಳ್ಳುವ ಮೀನಿನ ತಲೆಗೆ ಒಂದೇ ಗಟ್ಟಿ ಪೆಟ್ಟು, ಕೂಡಲೇ ಕಿವಿರು ಕತ್ತರಿಸಿ ರಕ್ತ ಹೋಗಲು ಬಿಡಿ, ಆಮೇಲೆ ಐಸ್ ಪೆಟ್ಟಿಗೆಗೆ. ಬಿಸಿಲಲ್ಲಿ ಬಕೆಟ್‌ನಲ್ಲಿ ಬಿಟ್ಟ ಮ್ಯಾಕ್ರೆಲ್ ಬೇಗ ಕೆಡುತ್ತದೆ, ತಿಂದರೆ ಮೈ ತುರಿಕೆ, ವಾಂತಿ ಬರಬಹುದು. ದಡದಲ್ಲಿ ಒಂದು ತುಂಡು ದಾರವೂ ಉಳಿಯದ ಹಾಗೆ ಆರಿಸಿಕೊಂಡು ಬನ್ನಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಎಷ್ಟೇ ಸುಸ್ತಾಗಿದ್ದರೂ ರೀಲ್, ರಾಡ್ ಎರಡನ್ನೂ ಸಿಹಿನೀರಿನಲ್ಲಿ ತೊಳೆದೇ ಮಲಗಿ. ಬೆಳಿಗ್ಗೆಗೆ ಉಪ್ಪು ಹಿಡಿದಿರುತ್ತದೆ. ಮೀನಿನ ವಿಷಯಕ್ಕೆ ಬಂದರೆ, ಮ್ಯಾಕ್ರೆಲ್ ನಮ್ಮ ಬಂಗುಡೆಯ ಕುಟುಂಬದ್ದೇ, ಬೆನ್ನ ಮೇಲೆ ಹುಲಿಯ ಹಾಗೆ ಪಟ್ಟೆ. ಎಣ್ಣೆಯಂಶ ಜಾಸ್ತಿ, ಮಾಂಸ ಮೆತ್ತಗೆ. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದ ಮಸಾಲೆ ಹಚ್ಚಿ ಅರ್ಧ ಗಂಟೆ ಇಡಿ. ಕಾವಲಿಗೆ ಎಣ್ಣೆ ಊರಿನ ಅರ್ಧದಷ್ಟೇ ಹಾಕಿ, ಒಂದು ಬದಿ ಪೂರ್ತಿ ಕೆಂಪಾಗುವ ತನಕ ಮಗುಚಬೇಡಿ. ಮುಂಚೆಯೇ ಮಗುಚಿದರೆ ತೊಗಲು ಕಾವಲಿಗೇ ಅಂಟಿಕೊಳ್ಳುತ್ತದೆ.